ಉರುಳುವ ಚೆಂಡಿನಲ್ಲಿ ಮಗುವಿನ ಮನಸ್ಸನ್ನು ಓದಿದ ಜೀನ್ ಪಿಯಾಜೆ

ಬಿ.ಎಡ್. ಅಥವಾ ಡಿ.ಎಡ್. ಮುಗಿಸಿದ ನಮ್ಮ ಯಾವ ಶಿಕ್ಷಕ, ಶಿಕ್ಷಕಿಯರನ್ನು ಕೇಳಿದರೂ ಜೀನ್ ಪಿಯಾಜೆ ಎಂಬ ಹೆಸರು ಗೊತ್ತಿಲ್ಲ ಎನ್ನುವವರು ಸಿಗಲಾರರು. ಮಗುವಿನ ಬುದ್ಧಿ ಬೆಳವಣಿಗೆಯ ನಾಲ್ಕು ಹಂತಗಳು ಯಾವುವು ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ ಎಂಬ ಧೈರ್ಯದಿಂದ ಆ ಹಂತಗಳನ್ನು ಬಾಯಿಪಾಠ ಮಾಡಿ, ಉತ್ತರ ಬರೆದು, ಅಂಕ ಗಿಟ್ಟಿಸಿ ಮರೆತವರೇ ಹೆಚ್ಚು. ಮಕ್ಕಳು ಬಾಯಿಪಾಠದಿಂದ ಕಲಿಯುವುದಿಲ್ಲ, ಕೈಯಾರೆ ಮಾಡಿ ಕಲಿಯುತ್ತಾರೆ ಎಂದು ಜೀವನವಿಡೀ ಸಾರಿದ ವ್ಯಕ್ತಿಯನ್ನು ನಾವು ಬಾಯಿಪಾಠ ಮಾಡಿಯೇ ಕಲಿತಿರುವುದು ವಿಪರ್ಯಾಸವೇ ಸರಿ.

ಆ ನಾಲ್ಕು ಹಂತಗಳ ಹಿಂದೆ ಒಬ್ಬ ತಂದೆ, ಒಬ್ಬ ತಾಯಿ ಮತ್ತು ಮೂವರು ಪುಟ್ಟ ಮಕ್ಕಳಿದ್ದಾರೆ. ತೊಟ್ಟಿಲಿಗೆ ಕಟ್ಟಿದ ಗಿಲಕಿ, ಹೊದಿಕೆಯ ಮಡಿಕೆಯಲ್ಲಿ ಜಾರಿದ ಆಟದ ಬಾತುಕೋಳಿ, ಸೋಫಾದ ಅಡಿಗೆ ಉರುಳಿದ ಚೆಂಡು ಇವೆ. ಬಿದ್ದ ವಸ್ತು ಎಲ್ಲಿಗೆ ಹೋಯಿತು, ತಳ್ಳದೆ ಯಾವುದು ಚಲಿಸುತ್ತದೆ, ತಳ್ಳಿದರೆ ಮಾತ್ರ ಚಲಿಸುವುದು ಯಾವುದು ಎಂಬುದನ್ನು ಮಾತು ಬಾರದ ಕೂಸು ಹೇಗೆ ತಿಳಿದುಕೊಳ್ಳುತ್ತದೆ ಎಂಬ ಪ್ರಶ್ನೆ ಇದೆ. ನೋಡಲು ಸಣ್ಣದೆನಿಸುವ ಈ ಪ್ರಶ್ನೆಯನ್ನು ಹಿಡಿದು ವಿಶ್ವವಿಖ್ಯಾತರಾದ ಸ್ವಿಟ್ಜರ್ಲೆಂಡಿನ ಈ ವಿಜ್ಞಾನಿಯ ಬದುಕನ್ನು ಪಠ್ಯಪುಸ್ತಕದ ಆಚೆಗೆ ಒಮ್ಮೆ ನೋಡುವುದು ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳಿರುವ ನಮಗೆಲ್ಲ ಉಪಯುಕ್ತವಾದೀತು.

ಬಿಳಿ ಗುಬ್ಬಚ್ಚಿ ಮತ್ತು ಶಂಖದ ಹುಳು

ಜೀನ್ ಪಿಯಾಜೆ ಜನಿಸಿದ್ದು 1896ರ ಆಗಸ್ಟ್ 9ರಂದು, ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರ ಪಟ್ಟಣವಾದ ನ್ಯೂಶಾಟೆಲ್‌ನಲ್ಲಿ. ತಂದೆ ಆರ್ಥರ್ ಪಿಯಾಜೆ ಮಧ್ಯಯುಗದ ಸಾಹಿತ್ಯದ ಪ್ರಾಧ್ಯಾಪಕರು, ಆಧಾರವಿಲ್ಲದೆ ಒಂದು ಮಾತನ್ನೂ ಒಪ್ಪದ ಶಿಸ್ತಿನ ವಿದ್ವಾಂಸರು. ತಾಯಿ ರೆಬೆಕ್ಕಾ ಜಾಕ್ಸನ್ ಬುದ್ಧಿವಂತೆ, ದೈವಭಕ್ತೆ. ಆದರೆ ಆಕೆಯ ಮನಸ್ಸಿನ ಅಸ್ವಸ್ಥತೆಯಿಂದ ಮನೆಯಲ್ಲಿ ನೆಮ್ಮದಿ ಕಡಿಮೆಯಿತ್ತು. ಆ ಕಾರಣದಿಂದಲೇ ತಾನು ಬಹಳ ಬೇಗ ಆಟವನ್ನು ಬಿಟ್ಟು ತಂದೆಯಂತೆ ಗಂಭೀರ ಕೆಲಸದ ಆಸರೆ ಹುಡುಕಿಕೊಂಡೆ ಎಂದು ಪಿಯಾಜೆ ತಮ್ಮ ಆತ್ಮಕಥನದಲ್ಲಿ ನೆನಪಿಸಿಕೊಂಡಿದ್ದಾರೆ. ಮಕ್ಕಳ ಆಟವನ್ನು ಜಗತ್ತಿಗೆ ಅರ್ಥ ಮಾಡಿಸಿದ ವ್ಯಕ್ತಿ ತನ್ನ ಸ್ವಂತ ಬಾಲ್ಯದಲ್ಲಿ ಆಡಿದ್ದು ಕಡಿಮೆ ಎಂಬುದು ಗಮನಾರ್ಹ.

ಹುಡುಗ ಹಿಡಿದ ಆಸರೆ ಪ್ರಕೃತಿ ವಿಜ್ಞಾನದ್ದು. 1907ರಲ್ಲಿ, ಹನ್ನೊಂದು ತುಂಬುವ ಮೊದಲೇ, ಉದ್ಯಾನದಲ್ಲಿ ಕಂಡ ಬಿಳಿ ಗುಬ್ಬಚ್ಚಿಯ ಬಗ್ಗೆ ಒಂದು ಪುಟದ ಟಿಪ್ಪಣಿ ಬರೆದು ಸ್ಥಳೀಯ ಪತ್ರಿಕೆಗೆ ಕಳುಹಿಸಿದ. ಅದು ಅಚ್ಚಾಯಿತು. ಅದನ್ನೇ ಯೋಗ್ಯತಾಪತ್ರ ಮಾಡಿಕೊಂಡು ಊರಿನ ಪ್ರಕೃತಿ ವಸ್ತುಸಂಗ್ರಹಾಲಯದ ನಿರ್ದೇಶಕ ಪಾಲ್ ಗೋದೆ ಅವರ ಬಳಿ ಹೋದ. ವಯೋವೃದ್ಧರಾದ ಗೋದೆ ಬಸವನಹುಳು, ಕಪ್ಪೆಚಿಪ್ಪು, ಶಂಖದ ಹುಳುಗಳ ತಜ್ಞರು. ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಮೇಲೆ ಚಿಪ್ಪುಗಳಿಗೆ ಹೆಸರಿನ ಚೀಟಿ ಅಂಟಿಸುವುದು ಹುಡುಗನ ಕೆಲಸ. ಅಪರೂಪದ ಚಿಪ್ಪುಗಳೇ ಸಂಬಳ. 1911ರಲ್ಲಿ ಗೋದೆ ತೀರಿಕೊಂಡಾಗ ಹದಿಹರೆಯದ ಪಿಯಾಜೆಗೆ ಈ ಜೀವಿಗಳ ಬಗ್ಗೆ ಸ್ವತಂತ್ರವಾಗಿ ಲೇಖನ ಬರೆಯುವಷ್ಟು ಜ್ಞಾನವಿತ್ತು. ಲೇಖನಗಳನ್ನು ಓದಿದವರು ಬರೆದವರು ಹಿರಿಯ ವಿದ್ವಾಂಸರೆಂದು ಭಾವಿಸಿದ್ದರಂತೆ. ಜಿನೀವಾದ ವಸ್ತುಸಂಗ್ರಹಾಲಯದಲ್ಲಿ ಇದೇ ವಿಭಾಗದ ಹುದ್ದೆಯೊಂದು ಹುಡುಗನನ್ನು ಅರಸಿ ಬಂದಾಗ, ಇನ್ನೂ ಹೈಸ್ಕೂಲು ಮುಗಿದಿಲ್ಲ ಎಂದು ತಿಳಿಸಿ ಬೇಡವೆನ್ನಬೇಕಾಯಿತು.

1918ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ನ್ಯೂಶಾಟೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ದೊರೆಯಿತು. ವಿಷಯ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಇಂಥ ಹುಳುಗಳೇ. ಕೆರೆಯ ದಂಡೆಯಲ್ಲಿ ಕುಳಿತು, ಹುಳುವನ್ನು ಮುಟ್ಟದೆ, ಅದು ಏನು ಮಾಡುತ್ತದೆ ಎಂದು ತಾಳ್ಮೆಯಿಂದ ನೋಡಿ ಬರೆದುಕೊಳ್ಳುವ ಅಭ್ಯಾಸ ಇಲ್ಲಿಂದ ಬಂತು. ಮುಂದೆ ತೊಟ್ಟಿಲಿನ ಬಳಿ ಕುಳಿತಾಗ ಇದೇ ಅಭ್ಯಾಸ ಕೈಹಿಡಿಯಿತು.

ತಪ್ಪು ಉತ್ತರದ ಬೆನ್ನು ಹತ್ತಿ

ಹುಳುಗಳಿಂದ ಮಕ್ಕಳ ಕಡೆಗೆ ಬಂದದ್ದು ಪ್ಯಾರಿಸ್‌ನಲ್ಲಿ. 1919ರಲ್ಲಿ ಅಲ್ಲಿಗೆ ಹೋದ ಪಿಯಾಜೆಗೆ ತಿಯೋಡೋರ್ ಸಿಮೋನ್ ಒಂದು ಕೆಲಸ ಒಪ್ಪಿಸಿದರು. ಬುದ್ಧಿಮತ್ತೆಯ ಪರೀಕ್ಷೆಯನ್ನು ರೂಪಿಸಿದ ಆಲ್ಫ್ರೆಡ್ ಬಿನೆಯವರ ಜತೆಗಾರರು ಈ ಸಿಮೋನ್. ಇಂಗ್ಲಿಷಿನ ಕೆಲವು ತರ್ಕದ ಪ್ರಶ್ನೆಗಳನ್ನು ಪ್ಯಾರಿಸ್‌ನ ಶಾಲಾ ಮಕ್ಕಳ ಮುಂದಿಟ್ಟು, ಯಾವ ವಯಸ್ಸಿನವರು ಎಷ್ಟು ಸರಿ ಉತ್ತರ ಕೊಡುತ್ತಾರೆ ಎಂದು ಎಣಿಸುವುದು ಆ ಕೆಲಸ. ಎಣಿಸುವುದು ಬೇಸರದ ಕೆಲಸ. ಆದರೆ ಎಣಿಸುತ್ತ ಎಣಿಸುತ್ತ ಪಿಯಾಜೆಯವರ ಗಮನ ಸರಿ ಉತ್ತರಗಳಿಂದ ತಪ್ಪು ಉತ್ತರಗಳ ಕಡೆಗೆ ಹೊರಳಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ತಪ್ಪು ಮನಬಂದಂತೆ ಆಗುತ್ತಿರಲಿಲ್ಲ, ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಮಗುವಿಗೆ ತಿಳಿವಳಿಕೆ ಕಡಿಮೆ ಎಂದಲ್ಲ, ಮಗುವಿನ ತಿಳಿವಳಿಕೆಯ ರೀತಿಯೇ ಬೇರೆ ಎಂಬ ವಿಚಾರ ಮೊಳೆತದ್ದು ಇಲ್ಲಿಯೇ.

ಈ ಕುರಿತು ಬರೆದ ಲೇಖನವೊಂದು ಜಿನೀವಾದ ಎಡ್ವರ್ಡ್ ಕ್ಲಾಪರೇಡ್ ಅವರ ಕೈಗೆ ಬಿತ್ತು. 1921ರಲ್ಲಿ ಅವರು ಪಿಯಾಜೆಯವರನ್ನು ತಮ್ಮ ರೂಸೋ ಸಂಸ್ಥೆಗೆ ಸಂಶೋಧನಾ ನಿರ್ದೇಶಕರನ್ನಾಗಿ ಕರೆಸಿಕೊಂಡರು. ಅದೇ ಸಂಸ್ಥೆಯ ವಿದ್ಯಾರ್ಥಿನಿ ವಾಲೆಂಟೀನ್ ಶಾತ್ನೆ ಅವರನ್ನು ಪಿಯಾಜೆ 1923ರಲ್ಲಿ ಮದುವೆಯಾದರು.

ಚಲಿಸುವುದೆಲ್ಲ ಜೀವಂತವೇ?

ಜಿನೀವಾದಲ್ಲಿ ಪಿಯಾಜೆ ಮೊದಲಿಗೆ ಮಾತನಾಡಬಲ್ಲ ಮಕ್ಕಳನ್ನು ಪ್ರಶ್ನಿಸತೊಡಗಿದರು. ಸೂರ್ಯನಿಗೆ ಜೀವ ಇದೆಯೇ, ಮೋಡಕ್ಕೆ, ಗಾಳಿಗೆ, ಸೈಕಲ್ಲಿಗೆ, ಕಲ್ಲಿಗೆ ಇದೆಯೇ ಎಂದು ಕೇಳಿ, ಹೌದೆಂದರೆ ಏಕೆ ಎಂದು ಮತ್ತೆ ಕೇಳುತ್ತಿದ್ದರು. 1926ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಉತ್ತರಗಳ ಸಾಲು ಇದೆ. ತೀರ ಚಿಕ್ಕ ಮಕ್ಕಳಿಗೆ ಏನಾದರೂ ಕೆಲಸಕ್ಕೆ ಬರುವುದೆಲ್ಲ ಜೀವಂತ. ಸ್ವಲ್ಪ ದೊಡ್ಡವರಾದಾಗ ಚಲಿಸುವುದೆಲ್ಲ ಜೀವಂತ. ಹಾಗಾಗಿ ಸೈಕಲ್ಲಿಗೂ ಜೀವವಿದೆ, ಮೋಡಕ್ಕೂ ಇದೆ. ಅನಂತರದ ಹಂತದಲ್ಲಿ ತಾನಾಗಿ ಚಲಿಸುವುದು ಮಾತ್ರ ಜೀವಂತ; ಸೈಕಲ್ಲನ್ನು ಯಾರೋ ತುಳಿಯಬೇಕು, ಆದ್ದರಿಂದ ಅದಕ್ಕೆ ಜೀವವಿಲ್ಲ, ಆದರೆ ಸೂರ್ಯನಿಗೆ, ಗಾಳಿಗೆ ಇದೆ. ಕೊನೆಗೆ ಪ್ರಾಣಿಗಳಿಗೆ, ಕೆಲವರಿಗೆ ಗಿಡಮರಗಳಿಗೂ ಮಾತ್ರ ಜೀವ ಉಳಿಯುತ್ತದೆ.

ರಾತ್ರಿ ನಡೆಯುವಾಗ ಚಂದ್ರ ತಮ್ಮ ಜತೆಗೇ ಬರುತ್ತಾನೆ ಎಂದು ಜಿನೀವಾದ ಮಕ್ಕಳೂ ನಂಬಿದ್ದರು. ರಾತ್ರಿಯ ರೈಲಿನಲ್ಲಿ ಊರಿಗೆ ಹೊರಟ ನಮ್ಮ ಮಕ್ಕಳು ಕಿಟಕಿಯಿಂದ ಚಂದಮಾಮನನ್ನು ನೋಡಿ ಹೇಳುವುದೂ ಇದನ್ನೇ ಅಲ್ಲವೇ? ನಾವು ಅದನ್ನು ಮುದ್ದು ಮಾತೆಂದು ನಕ್ಕು ಬಿಡುತ್ತೇವೆ. ಪಿಯಾಜೆ ನಗಲಿಲ್ಲ. ವಸ್ತು ಹೇಗೆ ಚಲಿಸುತ್ತದೆ ಎಂಬುದನ್ನು ನೋಡಿ, ಅದು ಎಂಥ ವಸ್ತು ಎಂದು ಮಗು ತೀರ್ಮಾನಿಸುತ್ತದೆ ಎಂಬ ದೊಡ್ಡ ಸತ್ಯ ಅವರಿಗೆ ಅಲ್ಲಿ ಕಂಡಿತು.

ಆದರೆ ಒಂದು ತೊಡಕಿತ್ತು. ಈ ಎಲ್ಲ ಉತ್ತರಗಳು ಮಾತಿನಲ್ಲಿ ಬಂದವು. ಮಾತು ಬರುವ ಹೊತ್ತಿಗೆ ಮಗು ಎಷ್ಟೋ ಕಲಿತು ಮುಗಿಸಿರುತ್ತದೆ. ಹಾಗಾದರೆ ಮೊದಲ ಕಲಿಕೆ ಯಾವುದು? ಅದನ್ನು ತಿಳಿಯಲು ಪ್ರಶ್ನೆ ಕೇಳಿ ಪ್ರಯೋಜನವಿಲ್ಲ, ನೋಡಬೇಕು. ನೋಡಲು ಮಗು ಬೇಕು, ಅದೂ ದಿನವಿಡೀ ಕಣ್ಣೆದುರಿಗಿರುವ ಮಗು.

ಮನೆಯೇ ಪ್ರಯೋಗಶಾಲೆ

1925ರಲ್ಲಿ ಹಿರಿಯ ಮಗಳು ಜಾಕ್ಲಿನ್ ಜನಿಸಿದಳು. 1927ರಲ್ಲಿ ಲ್ಯೂಸಿಯೆನ್, 1931ರಲ್ಲಿ ಮಗ ಲೊರಾಂ. ಇವರ ಮೊದಲ ತಿಂಗಳುಗಳನ್ನು ಪಿಯಾಜೆ ದಂಪತಿ ದಿನಾಂಕ ಸಹಿತ ಬರೆದಿಟ್ಟರು. ಪುಸ್ತಕದ ಮುಖಪುಟದಲ್ಲಿ ಪಿಯಾಜೆಯವರ ಹೆಸರು ಮಾತ್ರ ಇದ್ದರೂ, ನೋಡಿ ಬರೆದ ಕೆಲಸದಲ್ಲಿ ಅದೇ ವಿಷಯದಲ್ಲಿ ತರಬೇತಿ ಪಡೆದಿದ್ದ ವಾಲೆಂಟೀನ್ ಅವರ ಪಾಲು ದೊಡ್ಡದು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಮೂರು ತಿಂಗಳ ಆಸುಪಾಸಿನ ಕೂಸು ತೊಟ್ಟಿಲಲ್ಲಿ ಕಾಲು ಬಡಿಯಿತು, ಮೇಲೆ ತೂಗುಹಾಕಿದ್ದ ಬೊಂಬೆಗಳು ಅಲುಗಿದವು. ಕೂಸು ತಡೆದು ನೋಡಿತು, ಮತ್ತೆ ಕಾಲು ಬಡಿಯಿತು. ಇದು ಲ್ಯೂಸಿಯೆನ್. ಲೊರಾಂನ ಕೈಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಗಿಲಕಿಗೆ ಕಟ್ಟಿದಾಗ ಅವನೂ ಬೇಗ ಕಂಡುಕೊಂಡ, ಕೈ ಅಲುಗಿದರೆ ಗಿಲಕಿ ಅಲುಗುತ್ತದೆ. ಇಲ್ಲಿಯವರೆಗೆ ಅಚ್ಚರಿಯೇನಿಲ್ಲ. ಅಚ್ಚರಿ ಮುಂದಿನದು. ದಾರವೇ ಇಲ್ಲದ, ದೂರದ ವಸ್ತುವೊಂದು ಅಲುಗಿ ನಿಂತಾಗಲೂ ಮಗು ತನ್ನ ಕೈಕಾಲು ಆಡಿಸಿ, ಮೈ ಬಿಲ್ಲಿನಂತೆ ಬಾಗಿಸಿ ಅದು ಮತ್ತೆ ಅಲುಗಲೆಂದು ಕಾಯುತ್ತಿತ್ತು. ಜಗತ್ತಿನಲ್ಲಿ ಯಾವುದು ಚಲಿಸಿದರೂ ಅದು ತನ್ನಿಂದಲೇ ಎಂಬಂತೆ ಮಗು ವರ್ತಿಸುತ್ತದೆ ಎಂದು ಪಿಯಾಜೆ ಅರ್ಥೈಸಿದರು. ಚಲನೆಗೆ ಇನ್ನೊಬ್ಬರೂ ಕಾರಣರಾಗಬಹುದು, ವಸ್ತುವೂ ಕಾರಣವಾಗಬಹುದು ಎಂಬುದನ್ನು ಮಗು ನಿಧಾನವಾಗಿ ಕಲಿಯಬೇಕು. ಮುಂದೆ ಅದು ತಾನು ಮೈ ಬಾಗಿಸುವುದನ್ನು ಬಿಟ್ಟು ದೊಡ್ಡವರ ಕೈಯನ್ನು ಹಿಡಿದು ಆಟಿಕೆಯ ಕಡೆಗೆ ತಳ್ಳುತ್ತದೆ. ಒಂದು ವರ್ಷ ದಾಟಿದ ಮೇಲೆ ಚೆಂಡನ್ನು ನೆಲದಲ್ಲಿಟ್ಟು, ಅದು ತಾನಾಗಿಯೇ ಉರುಳಲೆಂದು ಕಾದು ನೋಡುತ್ತದೆ. ತನ್ನ ಹೊರಗೂ ಚಲನೆಯ ಮೂಲಗಳಿವೆ ಎಂದು ಮಗು ಒಪ್ಪಿಕೊಂಡ ಕ್ಷಣ ಅದು.

ಕಾಣದಾದದ್ದು ಎಲ್ಲಿ ಹೋಯಿತು?

ಪಿಯಾಜೆಯವರ ಅತಿ ಪ್ರಸಿದ್ಧ ಟಿಪ್ಪಣಿಗಳಲ್ಲಿ ಒಂದು ಏಳು ತಿಂಗಳು ಇಪ್ಪತ್ತೆಂಟು ದಿನದ ಜಾಕ್ಲಿನ್‌ಳದು. ಹೊದಿಕೆಯ ಮೇಲಿದ್ದ ಸೆಲ್ಯುಲಾಯ್ಡ್ ಬಾತುಕೋಳಿಯನ್ನು ಹಿಡಿಯಲು ಆಕೆ ಕೈ ಚಾಚಿದಳು. ಇನ್ನೇನು ಸಿಗಬೇಕು, ಅಷ್ಟರಲ್ಲಿ ಅದು ಜಾರಿ ಮಡಿಕೆಯ ಮರೆಗೆ ಬಿತ್ತು, ಕೈಗೆ ತೀರ ಸಮೀಪದಲ್ಲಿಯೇ. ಆದರೆ ಕಣ್ಣಿಗೆ ಮರೆಯಾದೊಡನೆ ಹುಡುಕಾಟ ನಿಂತಿತು. ಬಾತುಕೋಳಿ ಇರಲೇ ಇಲ್ಲವೇನೋ ಎಂಬಂತೆ ಮಗು ಸುಮ್ಮನಾಯಿತು. ಕಾಣದ ವಸ್ತು ಕೂಸಿನ ಪಾಲಿಗೆ ಇಲ್ಲವೇ ಇಲ್ಲ ಎಂಬ ಪಿಯಾಜೆಯವರ ಪ್ರಸಿದ್ಧ ಸಿದ್ಧಾಂತಕ್ಕೆ ಇಂಥ ಟಿಪ್ಪಣಿಗಳೇ ಆಧಾರ.

ಹತ್ತು ತಿಂಗಳಿಗೆ ಚಿತ್ರ ಬದಲಾಗುತ್ತದೆ. ಹಾಸಿಗೆಯ ಎಡಬದಿಯ ಅಡಿಯಲ್ಲಿ ಆಟದ ಗಿಳಿಯನ್ನು ಬಚ್ಚಿಟ್ಟರೆ ಜಾಕ್ಲಿನ್ ಹುಡುಕಿ ತೆಗೆಯುತ್ತಾಳೆ. ಅದೇ ಗಿಳಿಯನ್ನು ಆಕೆ ನೋಡುತ್ತಿರುವಂತೆಯೇ ಬಲಬದಿಯಲ್ಲಿ ಬಚ್ಚಿಟ್ಟರೆ ಮತ್ತೆ ಎಡಬದಿಯಲ್ಲಿಯೇ ಹುಡುಕುತ್ತಾಳೆ! ವಸ್ತು ಎಲ್ಲಿಗೆ ಹೋಯಿತು ಎಂಬುದಕ್ಕಿಂತ, ಹಿಂದಿನ ಸಲ ತಾನು ಎಲ್ಲಿ ಕೈ ಹಾಕಿದಾಗ ಸಿಕ್ಕಿತು ಎಂಬುದೇ ಆಕೆಗೆ ಮುಖ್ಯ. ಮನೆಯಲ್ಲಿ ಹತ್ತು ತಿಂಗಳ ಮಗುವಿದ್ದರೆ ಎರಡು ಕರವಸ್ತ್ರ, ಒಂದು ಆಟಿಕೆ ಇಟ್ಟುಕೊಂಡು ಯಾರೂ ಇದನ್ನು ಪರೀಕ್ಷಿಸಬಹುದು. ನೂರು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ಕಂಡದ್ದು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಕಾಣುತ್ತಿದೆ.

ಒಂದೂವರೆ ವರ್ಷದ ಹೊತ್ತಿಗೆ ಅದೇ ಜಾಕ್ಲಿನ್ ಚೆಂಡನ್ನು ಸೋಫಾದ ಅಡಿಗೆ ಎಸೆದಳು. ಈ ಸಲ ಬಗ್ಗಿ ನೋಡಲಿಲ್ಲ. ಚೆಂಡು ಹೋದ ದಿಕ್ಕನ್ನು ಗಮನಿಸಿ, ಅದು ಆಚೆ ಬದಿಗೆ ದಾಟಿರಬೇಕೆಂದು ಗ್ರಹಿಸಿ, ಸೋಫಾವನ್ನು ಸುತ್ತಿಕೊಂಡು ಹಿಂಬದಿಗೆ ನಡೆದಳು. ಕಣ್ಣಿಗೆ ಕಾಣದ ಚಲನೆಯನ್ನು ಮನಸ್ಸಿನಲ್ಲಿ ಕಾಣುವ ಶಕ್ತಿ ಬಂದಿತ್ತು. ಮಡಿಕೆಯ ಮರೆಯ ಬಾತುಕೋಳಿಯಿಂದ ಸೋಫಾದ ಹಿಂದಿನ ಚೆಂಡಿನವರೆಗಿನ ಈ ಸುಮಾರು ಹತ್ತು ತಿಂಗಳ ದಾರಿ ಮನುಷ್ಯನ ಬುದ್ಧಿಯ ಮೊದಲ ದೊಡ್ಡ ಪ್ರಯಾಣ ಎಂದು ಪಿಯಾಜೆ ತೋರಿಸಿಕೊಟ್ಟರು.

ಈ ನಡುವೆ ಹತ್ತು ತಿಂಗಳ ಲೊರಾಂ ವಸ್ತುಗಳನ್ನು ಬೀಳಿಸುವ ಕೆಲಸಕ್ಕೆ ತೊಡಗಿದ್ದ. ರೊಟ್ಟಿಯ ಚೂರು, ಆಟದ ಹಂಸ, ಪೆಟ್ಟಿಗೆ ಹೀಗೆ ಕೈಗೆ ಸಿಕ್ಕಿದ್ದನ್ನು ಬೀಳಿಸುವುದು, ಬಿದ್ದದ್ದನ್ನು ನೋಡುವುದು. ಒಮ್ಮೆ ಕೈಯನ್ನು ನೇರ ಚಾಚಿ, ಒಮ್ಮೆ ಓರೆಯಾಗಿ, ಒಮ್ಮೆ ತಲೆಯ ಮೇಲಿಂದ. ಯಾವ ತಂದೆಯಾದರೂ ಎರಡನೆಯ ಸಲಕ್ಕೆ ಗದರಿಸುತ್ತಿದ್ದ. ಪಿಯಾಜೆ ನೋಟ್ ಪುಸ್ತಕ ತೆಗೆದರು. ಮಗು ಸುಮ್ಮನೆ ಪುನರಾವರ್ತನೆ ಮಾಡುತ್ತಿಲ್ಲ, ಪ್ರತಿ ಸಲವೂ ಒಂದನ್ನು ಬದಲಿಸಿ ಪರಿಣಾಮ ನೋಡುತ್ತಿದೆ; ವಿಜ್ಞಾನಿ ಮಾಡುವುದೂ ಇದನ್ನೇ ಎಂದು ಅವರು ಕಂಡುಕೊಂಡರು. ಈ ಟಿಪ್ಪಣಿಗಳಿಂದ ಹುಟ್ಟಿದ ಎರಡು ಮಹತ್ವದ ಗ್ರಂಥಗಳು 1936 ಮತ್ತು 1937ರಲ್ಲಿ ಹೊರಬಂದವು. ಮೊದಲನೆಯದು ಶಿಶುವಿನಲ್ಲಿ ಬುದ್ಧಿ ಹುಟ್ಟುವ ಬಗೆಯನ್ನು, ಎರಡನೆಯದು ಶಿಶು ವಾಸ್ತವ ಜಗತ್ತನ್ನು ಕಟ್ಟಿಕೊಳ್ಳುವ ಬಗೆಯನ್ನು ಕುರಿತದ್ದು. 1936ರಲ್ಲಿಯೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಐನ್‌ಸ್ಟೀನ್ ಕೇಳಿದ ಪ್ರಶ್ನೆ

1928ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆದ ವಿದ್ವತ್ ಸಭೆಯಲ್ಲಿ ಪಿಯಾಜೆ ಮತ್ತು ಆಲ್ಬರ್ಟ್ ಐನ್‌ಸ್ಟೀನ್ ಭೇಟಿಯಾದರು. ಮಗುವಿಗೆ ಮೊದಲು ತಿಳಿಯುವುದು ಕಾಲವೋ ವೇಗವೋ, ಒಂದನ್ನು ಬಿಟ್ಟು ಇನ್ನೊಂದು ತಿಳಿಯಲು ಸಾಧ್ಯವೇ ಎಂದು ಐನ್‌ಸ್ಟೀನ್ ವಿಚಾರಿಸಿದರು. ಭೌತವಿಜ್ಞಾನದ ಮೇರು ಪುರುಷ ಮಕ್ಕಳ ಮನಸ್ಸಿನ ಬಗ್ಗೆ ಕೇಳಿದ ಈ ಪ್ರಶ್ನೆ ಪಿಯಾಜೆಯವರನ್ನು ಬಹುಕಾಲ ಬಿಡಲಿಲ್ಲ. ಉತ್ತರವಾಗಿ 1946ರಲ್ಲಿ ಎರಡು ಪುಸ್ತಕಗಳು ಬಂದವು, ಒಂದು ಮಕ್ಕಳ ಕಾಲ ಕಲ್ಪನೆಯ ಬಗ್ಗೆ, ಇನ್ನೊಂದು ಚಲನೆ ಮತ್ತು ವೇಗದ ಬಗ್ಗೆ.

ಅದರಲ್ಲಿನ ಒಂದು ಪ್ರಯೋಗ ಸೊಗಸಾದುದು. ಒಂದು ಉದ್ದದ, ಒಂದು ಗಿಡ್ಡದ, ಹೀಗೆ ಎರಡು ಸುರಂಗಗಳು. ಎರಡು ಬೊಂಬೆಗಳು ಏಕಕಾಲಕ್ಕೆ ಒಳಹೊಕ್ಕು ಏಕಕಾಲಕ್ಕೆ ಹೊರಬರುತ್ತವೆ. ಯಾವುದು ವೇಗವಾಗಿ ಹೋಯಿತು ಎಂದರೆ ಐದಾರು ವರ್ಷದ ಮಗು ಎರಡೂ ಸಮ ಎನ್ನುತ್ತದೆ. ಸುರಂಗ ತೆಗೆದು ಬಯಲಲ್ಲಿ ಓಡಿಸಿದರೆ, ಒಂದು ಇನ್ನೊಂದನ್ನು ಹಿಂದೆ ಹಾಕುವುದನ್ನು ಕಣ್ಣಾರೆ ಕಂಡು, ಉದ್ದದ ದಾರಿಯದೇ ವೇಗ ಎನ್ನುತ್ತದೆ. ಚಿಕ್ಕ ಮಕ್ಕಳಿಗೆ ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದಲ್ಲ, ಒಬ್ಬರನ್ನೊಬ್ಬರು ಹಿಂದೆ ಹಾಕುವುದು. ಸೂತ್ರ ಬಾಯಿಪಾಠ ಮಾಡಿಸುವ ಮುನ್ನ ಮಗುವಿನ ಮನಸ್ಸಿನಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕೆಂಬ ಪಾಠವನ್ನು ಶಿಕ್ಷಕರು ಇದರಿಂದ ಕಲಿತರು.

1929ರಿಂದ ಸುಮಾರು ನಾಲ್ಕು ದಶಕ ಪಿಯಾಜೆ ಜಿನೀವಾದ ಅಂತಾರಾಷ್ಟ್ರೀಯ ಶಿಕ್ಷಣ ಬ್ಯೂರೋದ ನಿರ್ದೇಶಕರಾಗಿದ್ದರು. 1952ರಿಂದ 1963ರವರೆಗೆ ಪ್ಯಾರಿಸ್‌ನ ಸೊರ್ಬಾನ್‌ನಲ್ಲಿಯೂ ಪಾಠ ಮಾಡಿದರು. 1955ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಜಿನೀವಾದಲ್ಲಿ ಸ್ವಂತ ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಬಾರ್ಬೆಲ್ ಇನ್ಹೆಲ್ಡರ್ ಅವರಂಥ ಸಮರ್ಥ ಸಹೋದ್ಯೋಗಿಗಳು ದೊರೆತರು. ಬರೆದ ಪುಸ್ತಕಗಳು ಐವತ್ತಕ್ಕೂ ಹೆಚ್ಚು. ತಲೆಗೆ ಬೆರೆ ಟೋಪಿ, ಬಾಯಲ್ಲಿ ಪೈಪು, ಸವಾರಿಗೆ ಸೈಕಲ್ಲು, ಕೋಣೆಯ ತುಂಬ ರಾಶಿ ರಾಶಿ ಕಾಗದ. ಜಿನೀವಾದ ಜನರಿಗೆ ಇದು ಪರಿಚಿತ ಚಿತ್ರವಾಗಿತ್ತು.

ಕೈಗಿಂತ ಮೊದಲು ಕಣ್ಣು

ಮಹಾಪುರುಷರ ಬಗ್ಗೆ ಬರೆಯುವಾಗ ಅವರು ಹೇಳಿದ್ದೆಲ್ಲ ಸರಿ ಎಂದು ಬರೆಯುವುದು ರೂಢಿ. ಪಿಯಾಜೆಯವರ ಬಗ್ಗೆ ಹಾಗೆ ಬರೆದರೆ ಅವರಿಗೇ ಅನ್ಯಾಯ. ಅವರ ಒಂದು ಮುಖ್ಯ ತೀರ್ಮಾನವನ್ನು ಮುಂದಿನವರು ತಿದ್ದಿದ್ದಾರೆ.

ಮಗು ಕೈ ಚಾಚಿ ಹುಡುಕಿದರೆ ಮಾತ್ರ ಅದಕ್ಕೆ ತಿಳಿದಿದೆ ಎಂದು ಪಿಯಾಜೆ ಲೆಕ್ಕ ಹಾಕಿದ್ದರು. ಆದರೆ ಏಳು ತಿಂಗಳ ಮಗುವಿಗೆ ಬಟ್ಟೆ ಸರಿಸಿ ಎತ್ತಿಕೊಳ್ಳುವ ಕೆಲಸವೇ ಕಷ್ಟ. ತಿಳಿದೂ ಮಾಡಲಾಗದಿರಬಹುದಲ್ಲ? ಈ ಸಂಶಯ ಹಿಡಿದು ಸಂಶೋಧಕರು ಕೈಯನ್ನು ಬಿಟ್ಟು ಕಣ್ಣನ್ನು ನೋಡತೊಡಗಿದರು. ಅಚ್ಚರಿಯಾದದ್ದನ್ನು ಮಗು ಹೆಚ್ಚು ಹೊತ್ತು ನೋಡುತ್ತದೆ ಎಂಬುದು ಇದರ ಆಧಾರ. 1985ರಲ್ಲಿ ರೆನೆ ಬೈಯಾರ್ಜೋನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಅವರ ಸಹೋದ್ಯೋಗಿ ಅಮೆರಿಕದಲ್ಲಿ ಐದು ತಿಂಗಳ ಕೂಸುಗಳ ಮುಂದೆ ಒಂದು ಪೆಟ್ಟಿಗೆಯನ್ನಿಟ್ಟು, ಅದರ ಮುಂದೆ ಹಲಗೆಯೊಂದನ್ನು ಹಿಂದಕ್ಕೆ ಮಗುಚಿದರು. ಪೆಟ್ಟಿಗೆಗೆ ತಾಗಿ ಹಲಗೆ ನಿಂತಾಗ ಕೂಸುಗಳು ಅಷ್ಟಾಗಿ ನೋಡಲಿಲ್ಲ. ಮರೆಯಲ್ಲಿದ್ದ ಪೆಟ್ಟಿಗೆಯನ್ನು ಗುಟ್ಟಾಗಿ ತೆಗೆದು, ಹಲಗೆ ಅದರ ಮೂಲಕವೇ ಹಾದುಹೋದಂತೆ ಪೂರ್ತಿ ಮಗುಚಿದಾಗ ಕಣ್ಣು ಕೀಳದೆ ನೋಡಿದವು. ಕಣ್ಣಿಗೆ ಮರೆಯಾದ ಪೆಟ್ಟಿಗೆ ಅಲ್ಲಿಯೇ ಇದೆ, ಗಟ್ಟಿ ವಸ್ತುವಿನೊಳಗೆ ಇನ್ನೊಂದು ಗಟ್ಟಿ ವಸ್ತು ತೂರಲಾರದು ಎಂಬ ನಿರೀಕ್ಷೆ ಆ ಕೂಸುಗಳಲ್ಲಿತ್ತು!

ಇದರ ಬೆನ್ನಿಗೆ ಇನ್ನಷ್ಟು ತಿಳಿದುಬಂತು. 1987ರಲ್ಲಿ ಅಲನ್ ಲೆಸ್ಲಿ ಮತ್ತು ಸ್ಟೆಫನಿ ಕೀಬಲ್, ಒಂದು ವಸ್ತು ತಾಗಿ ಇನ್ನೊಂದು ಚಲಿಸುವುದರಲ್ಲಿನ ಕಾರ್ಯಕಾರಣವನ್ನು ಆರು ತಿಂಗಳ ಶಿಶುಗಳು ಗುರುತಿಸುತ್ತವೆ ಎಂದು ತೋರಿಸಿದರು. 1998ರಲ್ಲಿ ಅಮಂಡಾ ವುಡ್‌ವರ್ಡ್, ಮನುಷ್ಯನ ಕೈ ಆಟಿಕೆಯತ್ತ ಚಾಚಿದಾಗ ಅದಕ್ಕೆ ಬೇಕಾದುದು ಆ ಆಟಿಕೆ ಎಂದು ಶಿಶುಗಳು ಗ್ರಹಿಸುತ್ತವೆ, ಕೋಲು ಅದೇ ರೀತಿ ಚಲಿಸಿದಾಗ ಹಾಗೆ ಗ್ರಹಿಸುವುದಿಲ್ಲ ಎಂದು ಕಂಡರು. 2008ರಲ್ಲಿ ಇಟಲಿಯ ಸಂಶೋಧಕರು, ಹುಟ್ಟಿ ಕೆಲವೇ ದಿನಗಳಾದ ಶಿಶುಗಳು ಕೂಡ ಚುಕ್ಕಿಗಳ ಅಡ್ಡಾದಿಡ್ಡಿ ಚಲನೆಗಿಂತ, ನಡೆಯುವ ಕೋಳಿಯ ಚಲನೆಯನ್ನು ಚುಕ್ಕಿಗಳಲ್ಲಿ ತೋರಿಸಿದಾಗ ಹೆಚ್ಚು ನೋಡುತ್ತವೆ ಎಂದು ವರದಿ ಮಾಡಿದರು. ಜೀವವಿರುವುದರ ಚಲನೆ ಬೇರೆ, ಇಲ್ಲದ್ದರ ಚಲನೆ ಬೇರೆ ಎಂಬ ಭೇದದ ಬೀಜ ಮಾತಿಗಿಂತ ಬಹಳ ಮೊದಲೇ ಇದೆ ಎಂದಾಯಿತು. ಹೆಚ್ಚು ಹೊತ್ತು ನೋಡುವುದೆಂದರೆ ನಿಜಕ್ಕೂ ಅರ್ಥವಾಗಿದೆ ಎಂದೇ ಅರ್ಥವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಅದೇನೇ ಇರಲಿ, ಮೊದಲ ತಿಂಗಳುಗಳ ಕೂಸಿನ ತಿಳಿವಳಿಕೆಯನ್ನು ಪಿಯಾಜೆ ಕಡಿಮೆ ಅಂದಾಜು ಮಾಡಿದ್ದರು ಎಂಬ ಅಭಿಪ್ರಾಯ ಇಂದು ವ್ಯಾಪಕವಾಗಿದೆ.

ಆದರೆ ಅವರು ಗೆದ್ದ ಜಾಗವೂ ಇದೆ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಏಮಿ ಸ್ಟಾಲ್ ಮತ್ತು ಲಿಸಾ ಫೈಗೆನ್ಸನ್ ಹನ್ನೊಂದು ತಿಂಗಳ ಮಕ್ಕಳಿಗೆ ಅಸಂಭವ ದೃಶ್ಯಗಳನ್ನು ತೋರಿಸಿದರು. ಗೋಡೆಯ ಮೂಲಕ ತೂರಿಹೋದಂತೆ ಕಂಡ ಆಟಿಕೆ ಕೈಗೆ ಬಂದಾಗ ಮಕ್ಕಳು ಅದನ್ನು ಬಡಿದು ಗಟ್ಟಿ ಇದೆಯೇ ಎಂದು ನೋಡಿದರು. ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ಕಂಡ ಆಟಿಕೆ ಕೈಗೆ ಬಂದಾಗ ಕೆಳಗೆ ಬೀಳಿಸಿ ನೋಡಿದರು. ಎಂಬತ್ತು ವರ್ಷದ ಹಿಂದೆ ರೊಟ್ಟಿಯ ಚೂರು ಬೀಳಿಸುತ್ತಿದ್ದ ಲೊರಾಂ ಸುಮ್ಮನೆ ತುಂಟತನ ಮಾಡುತ್ತಿರಲಿಲ್ಲ ಎಂಬ ತಂದೆಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಪಿಯಾಜೆ ಬಿಟ್ಟುಹೋದ ಆಸ್ತಿ

1972ರಲ್ಲಿ ಎರಾಸ್ಮಸ್ ಪ್ರಶಸ್ತಿ, 1979ರಲ್ಲಿ ಬಾಲ್ಜಾನ್ ಪ್ರಶಸ್ತಿ ಅವರನ್ನರಸಿ ಬಂದವು. 1980ರ ಸೆಪ್ಟೆಂಬರ್ 16ರಂದು, 84ರ ವಯಸ್ಸಿನಲ್ಲಿ, ಜಿನೀವಾದಲ್ಲಿ ಜೀನ್ ಪಿಯಾಜೆ ಕೊನೆಯುಸಿರೆಳೆದರು. ನಗರದ ಗಣ್ಯರ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರನ್ನು ತಿದ್ದಿದವರೆಲ್ಲರೂ ಅವರದೇ ಪ್ರಶ್ನೆಯನ್ನು ಎತ್ತಿಕೊಂಡವರು ಎಂಬುದನ್ನು ಮರೆಯುವಂತಿಲ್ಲ. ತಪ್ಪು ಉತ್ತರ ಕೊಟ್ಟ ಮಗುವಿನಲ್ಲಿ ಬುದ್ಧಿಯನ್ನು ಕಂಡ ಪಿಯಾಜೆಯವರ ಸ್ವಂತ ತಪ್ಪಿನಿಂದಲೂ ವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಯಿತು. ಗುರುವಿಗೆ ಇದಕ್ಕಿಂತ ದೊಡ್ಡ ಗೌರವ ಇರಲಾರದು.

ಪಿಯಾಜೆಯವರ ಬಳಿ ಯಂತ್ರಗಳಿರಲಿಲ್ಲ, ಸಾವಿರಾರು ಮಕ್ಕಳ ಅಂಕಿಅಂಶವಿರಲಿಲ್ಲ. ಇದ್ದದ್ದು ಒಂದು ದಾರ, ಒಂದು ಗಿಲಕಿ, ಮಡಿಕೆ ಬಿದ್ದ ಹೊದಿಕೆ, ಜತೆಗೆ ಕುಳಿತು ನೋಡುವ ಹೆಂಡತಿ ಮತ್ತು ಸಮಯ. ನಮ್ಮ ಮಹಾನಗರಗಳ ಮನೆಗಳಲ್ಲಿ ಮೊದಲ ನಾಲ್ಕಕ್ಕೆ ಕೊರತೆಯಿಲ್ಲ, ಕೊರತೆ ಕೊನೆಯದಕ್ಕೆ. ದಂಪತಿ ಇಬ್ಬರೂ ದುಡಿಯುವ, ಲೋಕಲ್ ರೈಲಿನಲ್ಲಿ ದಿನದ ಮೂರು ಗಂಟೆ ಕಳೆಯುವ ಮನೆಯಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸುವುದು ಸುಲಭ. ಪರದೆಯ ಮೇಲಿನ ಚೆಂಡು ಉರುಳುತ್ತದೆ ನಿಜ. ಆದರೆ ಅದನ್ನು ಮಗು ಬೀಳಿಸಲಾರದು, ಬಡಿಯಲಾರದು, ಸೋಫಾದ ಹಿಂದೆ ಹುಡುಕಲಾರದು. ಅದರ ಭಾರ, ಅದರ ಗಟ್ಟಿತನ ಮಗುವಿನ ಕೈಗೆ ತಿಳಿಯುವುದಿಲ್ಲ.

ನಮ್ಮ ಸಂಘಗಳು ಮಕ್ಕಳ ದಿನಾಚರಣೆಗೆ ಛದ್ಮವೇಷ, ಭಾಷಣ, ಗಾಯನ ಸ್ಪರ್ಧೆಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಇವುಗಳಲ್ಲಿ ಮಾತು ಬಾರದ ಕೂಸುಗಳಿಗೆ ಜಾಗವಿಲ್ಲ. ಒಂದು ಜಮಖಾನ ಹಾಸಿ, ನಾಲ್ಕು ಚೆಂಡು, ಒಂದು ಇಳಿಜಾರಿನ ಹಲಗೆ, ಕೆಲವು ಡಬ್ಬಿ, ಬಟ್ಟೆ ಇಟ್ಟು ಅವರನ್ನು ಬಿಟ್ಟರೆ ಸಾಕು. ಬಹುಮಾನ ಬೇಡ, ತೀರ್ಪುಗಾರರು ಬೇಡ. ಅಜ್ಜ ಅಜ್ಜಿಯರು ಸುತ್ತ ಕುಳಿತು, ಕೈ ಹಾಕದೆ, ಗದರಿಸದೆ ನೋಡಬೇಕು. ನಾಲ್ಕು ಹಂತಗಳನ್ನು ಬಾಯಿಪಾಠ ಮಾಡಿದ ನಮ್ಮ ಶಿಕ್ಷಕಿಯರಿಗೂ ಆ ಹಂತಗಳು ಮೊದಲ ಸಲ ಕಣ್ಣೆದುರು ತೆವಳುವುದನ್ನು ಕಾಣುವ ಭಾಗ್ಯ ದೊರೆತೀತು. ಜೀನ್ ಪಿಯಾಜೆ ಅವರಿಗೆ ಅದೇ ನಾವು ಸಲ್ಲಿಸಬಹುದಾದ ನಿಜವಾದ ಗೌರವ.